ಹೊಗೆಬಂಡಿಯೋ, ಉಗಿಬಂಡಿಯೋ? ಹಬೆ, ಆವಿ, ಉಗಿ ಪದಗಳ ಬಗ್ಗೆ

ಗೆಳೆಯರೇ, ನಮಸ್ಕಾರ.

ಹೋದ ವಾರ ಮನೆಯವರ ಜೊತೆ ಹಳ್ಳಿಗಾಡಿನ ಒಂದು ಹಳೆಯ ರೈಲು ನೋಡಲು ಹೋಗಿದ್ದೆ. ಇನ್ನೂ ಕಲ್ಲಿದ್ದಲಲ್ಲೇ ಓಡುವ ಎಂಜಿನ್. ಹೊರಡುವ ಮುಂಚೆ ಅದರ ಪಕ್ಕ ನಿಂತಿದ್ದಾಗ ಅಕ್ಕನ ಮಗಳು ಕೇಳಿದಳು: "ಮಾಮ, ಅದು ಹೊಗೆನಾ, ಹಬೆನಾ?" ಎರಡೂ ಇದೆ ಅಂದೆ. "ಹಾಗಾದ್ರೆ ಇದನ್ನ ಏನಂತ ಕರೀಬೇಕು?" ಅಂದಳು. ನಾನು ತಡವರಿಸಿದೆ.

ನಮ್ಮಲ್ಲಿ ಹೊಗೆಬಂಡಿ, ಉಗಿಬಂಡಿ ಎರಡೂ ಇವೆ. ಹೊಗೆಬಂಡಿ ದೂರದಿಂದ ನೋಡಿದವರ ಮಾತು ಅನ್ನಿಸುತ್ತದೆ. ತೆಲುಗಿನ ಪೊಗಬಂಡಿ, ತಮಿಳಿನ ಪುಗೈವಂಡಿ ಕೂಡ ಹಾಗೆಯೇ. ಮಲಯಾಳದ ತೀವಂಡಿಗೂ ಮರಾಠಿಯ ಆಗಗಾಡಿಗೂ ಕಂಡದ್ದು ಬೆಂಕಿ. ಚೀನೀ ಭಾಷೆಯ ಹುವೊಚೆ ಅಂದರೂ ಬೆಂಕಿಬಂಡಿಯೇ. ಜಪಾನಿನ ಕಿಶಾ ಮಾತ್ರ ನಮ್ಮ ಉಗಿಬಂಡಿಯ ಜೊತೆಗಾರ. ಒಂದೇ ಎಂಜಿನ್ನಿನಲ್ಲಿ ಒಬ್ಬೊಬ್ಬರ ಕಣ್ಣು ಒಂದೊಂದು ಕಡೆ ನೆಟ್ಟಿದೆ, ಅಲ್ವಾ?

ಹತ್ತಿರದಿಂದ ನೋಡಿದಾಗ ವಿಷಯ ಇನ್ನೂ ಸೊಗಸಾಗಿದೆ. ಎಂಜಿನ್ ಹೊರಡುವಾಗ ಗಾಲಿಗಳ ಪಕ್ಕದಿಂದ ಬುಸ್ಸೆಂದು ಬೆಳ್ಳಗೆ ಬರುತ್ತದಲ್ಲ, ಅದರಲ್ಲಿ ಹೊಗೆ ಇಲ್ಲ. ಉಗಿಯ ತಳ್ಳಾಟಕ್ಕೆ ಪಿಸ್ಟನ್ ಎಂಬ ದಿಂಡು ಹಿಂದೆ ಮುಂದೆ ಓಡಾಡುವ ಕೊಳವೆಯೇ ಸಿಲಿಂಡರ್; ಅದರಲ್ಲಿ ನಿಂತ ನೀರನ್ನು ಹೊರಗೆ ತಳ್ಳುವಾಗ ಬರುವುದು ಅದು. ಚಿಮಣಿಯ ಕತೆ ಬೇರೆ. ಪಿಸ್ಟನ್ ತಳ್ಳಿ ಕೆಲಸ ಮುಗಿಸಿದ ಉಗಿಯನ್ನು ಚಿಮಣಿಯ ಬುಡಕ್ಕೆ ಬಿಡುತ್ತಾರೆ. ಅದು ಮೇಲೆ ನುಗ್ಗುವಾಗ ಹೊಗೆಯನ್ನೂ ಎಳೆದುಕೊಂಡು ಹೋಗುತ್ತದೆ. ಒಲೆಗೆ ಗಾಳಿ ಜಾಸ್ತಿ ಬರುತ್ತದೆ, ಬೆಂಕಿ ಇನ್ನೂ ಜೋರಾಗುತ್ತದೆ. ಆ ಒಂದೊಂದು ನುಗ್ಗಾಟದ ಸದ್ದೇ ನಮ್ಮ ಚುಕುಬುಕು. ಎರಡು ಸಿಲಿಂಡರಿನ ಎಂಜಿನ್ನಾದರೆ ಗಾಲಿ ಒಂದು ಸುತ್ತು ಸುತ್ತುವಷ್ಟರಲ್ಲಿ 4 ಸಲ ಕೇಳಿಸುತ್ತದೆ. ಹಾಗಾಗಿ ಚಿಮಣಿಯ ಬಾಯಲ್ಲಿ ಹೊಗೆಯನ್ನೂ ಹಬೆಯನ್ನೂ ಬೇರೆ ಮಾಡಿ ಹೇಳಲಾಗದು. ಹೊಗೆಬಂಡಿ ತಪ್ಪು ಪದ ಅಂತ ನಾನು ಹೇಳುವುದಿಲ್ಲ.

ಆದರೆ ಬಂಡಿಯನ್ನು ಎಳೆಯುವುದು ಹೊಗೆಯಲ್ಲ. ಅದಕ್ಕೆ ಯಾವ ಪದ? ಆವಿ, ಹಬೆ, ಉಗಿ ಮೂರನ್ನೂ ನಾವು ಒಂದೇ ಎಂಬಂತೆ ಬಳಸುತ್ತೇವೆ. ನನ್ನ ಕಿವಿಗೆ ಮಾತ್ರ ಮೂರೂ ಬೇರೆ. ಒದ್ದೆ ಬಟ್ಟೆಯ ನೀರು ಆವಿಯಾಗುತ್ತದೆ. ಉಗಿಯಾಗುತ್ತದೆ ಅಂತ ಯಾರೂ ಅನ್ನುವುದಿಲ್ಲ. ಆವಿ ಸುಮ್ನೆ, ಸದ್ದಿಲ್ಲದೆ ಹೋಗುವಂಥದ್ದು. ನೆಗಡಿಯಾದಾಗ ತೆಗೆದುಕೊಳ್ಳುವುದು ಹಬೆ. ಅದು ಕಣ್ಣಿಗೆ ಕಾಣುತ್ತದೆ, ಮುಖಕ್ಕೆ ಬಿಸಿಯಾಗಿ ತಾಗುತ್ತದೆ. ಉಗಿಯಲ್ಲಿ ಒಂದು ಒತ್ತಡ ಇದೆ, ತಳ್ಳುವ ಕಸುವು ಇದೆ. ನೀರು ಕುದಿದು ಉಗಿಯಾದರೆ ಸಾಮಾನ್ಯ ಒತ್ತಡದಲ್ಲಿ ಸುಮಾರು 1,700 ಪಟ್ಟು ಜಾಗ ಬೇಡುತ್ತದೆ. ನೀರು ಕುದಿಸುವ ಬಾಯ್ಲರಿನೊಳಗೆ ಅಷ್ಟು ಜಾಗ ಎಲ್ಲಿದೆ? ಅದಕ್ಕೇ ಪಿಸ್ಟನ್ನನ್ನು ತಳ್ಳುತ್ತದೆ.

ಇನ್ನೊಂದು ಮಾತು. ಬಾಯ್ಲರಿನೊಳಗಿನ ಉಗಿಗೆ ಬಣ್ಣವೇ ಇಲ್ಲ. ಒತ್ತಡ ಮಿತಿ ಮೀರಿದಾಗ ಉಗಿಯನ್ನು ಹೊರಗೆ ಬಿಡುವ ಸೇಫ್ಟಿ ವಾಲ್ವಿನ ಬಾಯಿಯನ್ನು ಗಮನಿಸಿ: ತುದಿಯಲ್ಲಿ ಸ್ವಲ್ಪ ಜಾಗ ಖಾಲಿ ಕಾಣುತ್ತದೆ, ಅದರ ಮೇಲೆ ಬಿಳಿ ಮೋಡ ಶುರುವಾಗುತ್ತದೆ. ಆ ಮೋಡ ಅಂದರೆ ತಣ್ಣಗಾದ ಸಣ್ಣ ಸಣ್ಣ ಹನಿಗಳು. ಒಳಗಿನ ಕಾಣದ್ದನ್ನು ಉಗಿ, ಹೊರಗಿನ ಬೆಳ್ಳಗಿನದನ್ನು ಹಬೆ ಅಂದರೆ ಹೇಗೆ? ಉಗಿ ಅಂದರೆ ಉಗುಳುವುದೂ ಆಗುತ್ತದೆ ಅಂತ ಮನೆಯಲ್ಲೇ ಒಬ್ಬರು ತಕರಾರು ತೆಗೆದರು. ಬಂಡಿ, ಯಂತ್ರ ಸೇರಿದಾಗ ಆ ಗೊಂದಲ ಬರುವುದಿಲ್ಲ ಅಂತ ನನ್ನ ಅನಿಸಿಕೆ.

ಜೊತೆಗೆ ಒಂದು ಸಣ್ಣ ಪ್ರಶ್ನೆ. ಇಂಥ ರೈಲಿಗೆ "ಪಾರಂಪರಿಕ ರೈಲು" ಅಂತ ಬರೆಯುತ್ತಾರೆ. ನನಗೆ ಅದು ಒಗ್ಗುತ್ತಿಲ್ಲ. ವೇಲ್ಸ್‌ನ ತಲಿಥ್ಲಿನ್ ರೈಲನ್ನು ನೋಡಿ. ಮುಚ್ಚಿಹೋಗಲಿದ್ದ ಆ ದಾರಿಯನ್ನು 1951ರಲ್ಲಿ ಸ್ವಯಂಸೇವಕರು ಕೈಗೆತ್ತಿಕೊಂಡು ಓಡಿಸಿದರು. ಜಗತ್ತಿನಲ್ಲಿ ಹಾಗೆ ಉಳಿದ ಮೊದಲ ರೈಲುದಾರಿ ಅದು. ಇದು ಜನ ಮೈಮುರಿದು ಉಳಿಸಿಕೊಂಡದ್ದು. ಆ "ಉಳಿಸಿದ" ಅನ್ನುವ ಅರ್ಥ ಹೆಸರಿನಲ್ಲಿ ಬರಬೇಕು. ಒಳ್ಳೆಯ ಪದ ಹೊಳೆದರೆ ತಿಳಿಸಿ.

ನಿಮ್ಮ ಕಡೆ ಹಿರಿಯರು ಯಾವ ಪದ ಬಳಸುತ್ತಿದ್ದರು? ಮನೆಯಲ್ಲಿ ಯಾರಾದರೂ ಎಂಜಿನ್ ಮೇಲೆ ಕೆಲಸ ಮಾಡಿದ್ದರೆ ಅವರನ್ನೂ ಕೇಳಿ. ಒಳಗಿನದಕ್ಕೂ ಹೊರಗಿನದಕ್ಕೂ ಅವರಲ್ಲಿ ಬೇರೆ ಬೇರೆ ಪದ ಇತ್ತಾ? ಅವರು ಆಡಿದ ವಾಕ್ಯದ ಸಮೇತ ಬರೆಯಿರಿ. ಬರೀ ಪದ ಸಿಕ್ಕರೆ ಅದರ ಬಳಕೆ ಪೂರ್ತಿ ಗೊತ್ತಾಗುವುದಿಲ್ಲ.