ಪಾಸ್‌ಬುಕ್ಕನ್ನು ಅವರಿಗೆ ತೋರಿಸಲೇ? – ಓದುಗರ ಸ್ಪಂದನ

(ಕಳೆದ ಸಂಚಿಕೆಯಲ್ಲಿ ಅರಸೀಕೆರೆ ಕಡೆಯ ತಾಯಿಯೊಬ್ಬರು ತಮ್ಮ ಸಮಸ್ಯೆಯನ್ನು ಬರೆದಿದ್ದರು. ಏಳನೆಯ ತಿಂಗಳಿಗೇ ಹುಟ್ಟಿದ ಅವರ ಅವಳಿ ಮಕ್ಕಳಿಬ್ಬರಿಗೂ ಸೆರೆಬ್ರಲ್ ಪಾಲ್ಸಿ (ಮೆದುಳಿಗಾದ ಹಾನಿಯಿಂದ ಕೈಕಾಲು ಹಿಡಿತಕ್ಕೆ ಸಿಗದ ಸ್ಥಿತಿ) ಇದೆ. ಮಕ್ಕಳಿಗೀಗ 12 ವರ್ಷ. ಮಗ ನಡೆಯಲಾರ, ಮಗಳು ಗೋಡೆ ಹಿಡಿದು ನಡೆಯುತ್ತಾಳೆ. ಕೊಬ್ಬರಿ ಮಂಡಿಯಲ್ಲಿ ಲೆಕ್ಕ ಬರೆಯುವ ಪತಿ ತಿಂಗಳಿಗೆ ತರುವ ₹26,000ದಲ್ಲಿ ಅರ್ಧದಷ್ಟು ಫಿಸಿಯೋಥೆರಪಿ, ಫಿಟ್ಸ್ ಮಾತ್ರೆ, ಡೈಪರ್, ಆಟೋ ಬಾಡಿಗೆಗಳಿಗೇ ಹೋಗುತ್ತದೆ. ಆಕೆ ರವಿಕೆ ಹೊಲಿದ ಹಣಕ್ಕೆ ಗೃಹಲಕ್ಷ್ಮಿಯ ಹಣವನ್ನೂ ಸೇರಿಸಿ, ಪತಿಗೆ ತಿಳಿಸದೆ, ಅಂಚೆ ಕಚೇರಿಯ ಆರ್‌ಡಿಯಲ್ಲಿ ತಿಂಗಳಿಗೆ ₹2,500ರಂತೆ 28 ತಿಂಗಳು ಕಟ್ಟಿ ₹70,000 ಕೂಡಿಸಿದ್ದಾರೆ. ಪತಿಯಾದರೋ 20 ಗುಂಟೆ ತೆಂಗಿನ ತೋಟವನ್ನು ಮಾರಿ ಮಕ್ಕಳಿಗೆ ಸ್ಟೆಮ್ ಸೆಲ್ (ಮೂಲ ಜೀವಕೋಶಗಳನ್ನು ದೇಹಕ್ಕೆ ಸೇರಿಸುವ) ಚಿಕಿತ್ಸೆ ಕೊಡಿಸಬೇಕೆಂದು ಹಟ ಹಿಡಿದಿದ್ದಾರೆ. ‘ಹೇಳಿದರೆ ಈ ಹಣವೂ ಹೋಗುತ್ತದೆ, ಹೇಳದಿದ್ದರೆ ನಾನು ಕಳ್ಳಿಯಾಗುತ್ತೇನೆ, ಏನು ಮಾಡಲಿ?’ ಎಂಬುದು ಅವರ ಪ್ರಶ್ನೆ. ಬಂದ ಪತ್ರಗಳಲ್ಲಿ ಕೆಲವು ಇಲ್ಲಿವೆ. –ಸಂ.)

ಸೋದರಿ, ಗಂಡನಿಗೆ ಗೊತ್ತಿಲ್ಲದಂತೆ ದುಡ್ಡು ಕೂಡಿಡುವುದು ಸಂಸಾರವಲ್ಲ. ಇವತ್ತೇ ಹೇಳಿಬಿಡಿ. ಮಕ್ಕಳ ಕಷ್ಟ ತಂದೆಗೂ ಇರುತ್ತದೆ.
– ಓದುಗ, ರಾಣೆಬೆನ್ನೂರು

(ಇಷ್ಟೇ ಖಚಿತವಾಗಿ ಬರೆದವರು ಇನ್ನೂ ಐವರಿದ್ದಾರೆ. ಐವರೂ ಗಂಡಸರು. ಮುಂದಿನ ಪತ್ರವನ್ನು ಬರೆದವರೂ ಗಂಡಸರೇ. –ಸಂ.)

ಆ ಪತ್ರದಲ್ಲಿರುವ ಗಂಡ ನಾನೇ; ಆದರೆ ಹದಿನೈದು ವರ್ಷ ಹಿಂದಿನವನು. ನನ್ನ ಮಗನಿಗೂ ಅದೇ ಕಾಯಿಲೆ. 2010ರಲ್ಲಿ ಅವನಿಗೆ 11 ವರ್ಷವಾಗಿದ್ದಾಗ, ಒಂದು ಎಕರೆ ಅಡಿಕೆ ತೋಟವನ್ನು ಮಾರಿ, ಬೇರೆ ರಾಜ್ಯದ ಊರೊಂದಕ್ಕೆ ಕರೆದುಕೊಂಡು ಹೋಗಿ, ಬೆನ್ನುಹುರಿಗೆ ಮೂರು ಸಲ ಸ್ಟೆಮ್ ಸೆಲ್ ಇಂಜೆಕ್ಷನ್ ಕೊಡಿಸಿದೆ. ಬೇಡವೆಂದ ಹೆಂಡತಿಗೆ ‘ನೀನು ತಾಯಿಯೇ?’ ಎಂದು ಎಲ್ಲರೆದುರು ಕೇಳಿದೆ. ಊರಿಗೆ ಬಂದ ಮೇಲೆ ಮಗನ ಕತ್ತು ಸ್ವಲ್ಪ ನಿಲ್ಲುತ್ತಿದೆ ಎಂದು ನಾನು ಹೇಳಿದೆ, ನನ್ನ ತಾಯಿಯೂ ಹೇಳಿದರು, ಪಕ್ಕದ ಮನೆಯವರೂ ಹೌದೆಂದರು. ದುಡ್ಡು ಕೊಟ್ಟ ಕಣ್ಣಿಗೆ ಸುಧಾರಣೆ ಕಾಣಿಸುತ್ತದೆ. ಆರು ತಿಂಗಳು ಕಳೆಯುವ ಹೊತ್ತಿಗೆ ಹಾಗೆ ಹೇಳುವುದನ್ನು ಎಲ್ಲರೂ ಒಬ್ಬೊಬ್ಬರಾಗಿ ನಿಲ್ಲಿಸಿದರು.

2013ರಲ್ಲಿ ಅವನ ತೊಡೆಯ ಸ್ನಾಯುಗಳು ಸೆಟೆದುಕೊಂಡು, ಕಾಲು ಅಗಲಿಸಿ ಶುಚಿ ಮಾಡುವುದೂ ಕಷ್ಟವಾದಾಗ ಶಸ್ತ್ರಚಿಕಿತ್ಸೆ ಅನಿವಾರ್ಯವಾಯಿತು. ನನ್ನಲ್ಲಿ ಏನೂ ಇರಲಿಲ್ಲ. ಹೆಂಡತಿ ₹43,000 ತಂದು ಮುಂದಿಟ್ಟಳು. ಎಲ್ಲಿಂದ ಬಂತೆಂದು ತಿಳಿದ ಮೇಲೆ ನಾನು ಎರಡು ದಿನ ಮನೆಯಲ್ಲಿ ಊಟ ಮಾಡಲಿಲ್ಲ. ‘ನನ್ನನ್ನು ಕಳ್ಳ ಅಂದುಕೊಂಡೆಯಾ?’ ಎಂದು ಕೇಳಿದ್ದಕ್ಕೆ ಅವಳು, ‘ನಿಮಗೆ ಹೆದರಲಿಲ್ಲ, ನಿಮ್ಮ ಆಸೆಗೆ ಹೆದರಿದೆ’ ಎಂದಳು. ಆಗ ಸಿಟ್ಟು ಬಂದಿತ್ತು.

ಇಲ್ಲಿಗೇ ಮುಗಿಸಿದರೆ ‘ಬಚ್ಚಿಡಿ’ ಎಂದು ಹೇಳಿದಂತಾಗುತ್ತದೆ. ಆದರೆ ಉಳಿದದ್ದನ್ನೂ ಹೇಳಬೇಕು. 2021ರ ಮೇ ತಿಂಗಳಲ್ಲಿ ಅವಳು ನಾಲ್ಕೇ ದಿನದ ಜ್ವರದಲ್ಲಿ ಹೋಗಿಬಿಟ್ಟಳು. ಮಗನಿಗೆ ಯಾವ ಮಾತ್ರೆ ಎಷ್ಟು ಕೊಡಬೇಕು, ಯಾವ ಅಂಗಡಿಯಲ್ಲಿ ಸಾಲ ಕೊಡುತ್ತಾರೆ, ಡೈಪರನ್ನು ಯಾರಿಂದ ಸಗಟಾಗಿ ತರಿಸುತ್ತಿದ್ದಳು, ಒಂದೂ ನನಗೆ ತಿಳಿದಿರಲಿಲ್ಲ. ಮನೆಯ ಲೆಕ್ಕವೆಲ್ಲ ಅವಳ ತಲೆಯಲ್ಲಿತ್ತು. ಫಿಟ್ಸ್ ಮಾತ್ರೆ ಮೂರು ದಿನ ತಪ್ಪಿಹೋಯಿತು. ಅವನನ್ನು ಆಸ್ಪತ್ರೆಗೆ ಸೇರಿಸಲು ನೂರಕ್ಕೆ ಮೂರು ರೂಪಾಯಿ ಬಡ್ಡಿಗೆ ಸಾಲ ತಂದೆ. ಶ್ರಾದ್ಧವಾದ ಮೇಲೆ ಮಗನ ಹಳೆಯ ಕಾಲುಪಟ್ಟಿಗಳನ್ನು ಇಟ್ಟಿದ್ದ ಟ್ರಂಕಿನಲ್ಲಿ ಅಂಚೆ ಕಚೇರಿಯ ಪಾಸ್‌ಬುಕ್ ಸಿಕ್ಕಿತು. ₹1,12,000 ಇತ್ತು, ನಾಮಿನಿ ಇರಲಿಲ್ಲ. ಆರು ತಿಂಗಳು ಕಾದು, ಅಫಿಡವಿಟ್ ಮಾಡಿಸಿ, ಸಾಕ್ಷಿಗಳನ್ನು ಕರೆದುಕೊಂಡು ಹೋಗಿ ಅದನ್ನು ಬಿಡಿಸಿಕೊಂಡೆ. ಅಷ್ಟರಲ್ಲಿ ಸಾಲದ ಬಡ್ಡಿಯೇ ಬೆಳೆದಿತ್ತು.

ತಾಯೀ, ನಿಮ್ಮವರಿಗೆ ಹೇಳಿ ಎಂದಾಗಲಿ ಹೇಳಬೇಡಿ ಎಂದಾಗಲಿ ಬರೆಯುವ ಯೋಗ್ಯತೆ ನನಗಿಲ್ಲ. ನಾಳೆ ಬೆಳಿಗ್ಗೆ ಅಂಚೆ ಕಚೇರಿಗೆ ಹೋಗಿ ನಾಮಿನಿ ಬರೆಸಿ. ಮಕ್ಕಳ ಮಾತ್ರೆಯ ಹೆಸರು, ಪ್ರಮಾಣ, ಅಂಗಡಿ, ಬಾಕಿ ಇವನ್ನೆಲ್ಲ ಒಂದು ಹಾಳೆಯಲ್ಲಿ ಬರೆದು ಅಡುಗೆಮನೆಯ ಗೋಡೆಗೆ ಅಂಟಿಸಿ.
– ಒಬ್ಬ ತಂದೆ, ಚನ್ನಗಿರಿ ತಾಲ್ಲೂಕು

(ಈ ಪತ್ರದ ಒಂದು ಸಾಲನ್ನೂ ನಾವು ಕತ್ತರಿಸಿಲ್ಲ. –ಸಂ.)

ನಾನು ನಿವೃತ್ತ ಬ್ಯಾಂಕ್ ಅಧಿಕಾರಿ. ಅಂಗವಿಕಲ ಅವಲಂಬಿತರಿರುವವರಿಗೆ 1961ರ ಆದಾಯ ತೆರಿಗೆ ಕಾಯ್ದೆಯ 80ಡಿಡಿ ಕಲಮಿನಲ್ಲಿ, ನಿಜವಾಗಿ ಎಷ್ಟು ಖರ್ಚಾಗಿದೆ ಎಂಬುದನ್ನು ನೋಡದೆ, ಶೇ. 40 ಅಥವಾ ಅದಕ್ಕಿಂತ ಹೆಚ್ಚು ವೈಕಲ್ಯವಿದ್ದರೆ ₹75,000, ಶೇ. 80 ಅಥವಾ ಅದಕ್ಕಿಂತ ಹೆಚ್ಚಿದ್ದರೆ ₹1,25,000ದಷ್ಟು ವರಮಾನಕ್ಕೆ ವಿನಾಯಿತಿ ಕೊಟ್ಟಿದ್ದು, ಹಳೆಯ ತೆರಿಗೆ ಪದ್ಧತಿಯನ್ನು ಆರಿಸಿಕೊಂಡವರಿಗೆ ಮಾತ್ರ ಇದು ದೊರೆಯುತ್ತದೆ ಎಂಬುದನ್ನು ಬಹಳ ಜನ ಗಮನಿಸುವುದಿಲ್ಲ. ಇನ್ನೊಂದು ವಿಷಯ: ಸೆರೆಬ್ರಲ್ ಪಾಲ್ಸಿ ಇರುವ ಮಕ್ಕಳಿಗೆ 18 ತುಂಬಿದ ಮೇಲೆ ಅವರ ಪರವಾಗಿ ಹಣಕಾಸಿನ ವ್ಯವಹಾರ ನಡೆಸಬೇಕಾದಲ್ಲಿ, 1999ರ ರಾಷ್ಟ್ರೀಯ ನ್ಯಾಸ ಕಾಯ್ದೆಯಂತೆ ಜಿಲ್ಲಾಧಿಕಾರಿಗಳ ಅಧ್ಯಕ್ಷತೆಯ ಸ್ಥಳೀಯ ಮಟ್ಟದ ಸಮಿತಿಗೆ ತಂದೆತಾಯಿಗಳೂ ಅರ್ಜಿ ಹಾಕಿ ಪೋಷಕತ್ವ ಪಡೆಯಬೇಕು. ಅಂದ ಹಾಗೆ, ಅಂಚೆ ಕಚೇರಿಯ ಆರ್‌ಡಿಯನ್ನು ಮೂರು ವರ್ಷ ತುಂಬುವ ಮೊದಲು ಮುರಿಯಲು ಬರುವುದಿಲ್ಲ. 12 ಕಂತು ಕಟ್ಟಿದ್ದರೆ ಅರ್ಧದವರೆಗೆ ಸಾಲ ಪಡೆಯಬಹುದು.
– ಹುಬ್ಬಳ್ಳಿ

(ಪತ್ರ ಬರೆದ ಸೋದರಿಯ ಮನೆಯ ವರಮಾನಕ್ಕೆ ತೆರಿಗೆಯ ಪ್ರಮೇಯವೇ ಇಲ್ಲ, ಬೇರೆ ಓದುಗರಿಗೆ ಉಪಯೋಗವಾದೀತೆಂದು ಅದನ್ನೂ ಉಳಿಸಿದ್ದೇವೆ. ಆರ್‌ಡಿಯ ಬಗೆಗಿನ ಕೊನೆಯ ಎರಡು ವಾಕ್ಯಗಳನ್ನು ಮಾತ್ರ ಆಕೆ ಇನ್ನೊಮ್ಮೆ ಓದಬೇಕೆಂದು ಕೋರುತ್ತೇವೆ. –ಸಂ.)

ನಾನು ಗ್ರಾಮ ಪಂಚಾಯಿತಿಯಲ್ಲಿ ಗ್ರಾಮೀಣ ಪುನರ್ವಸತಿ ಕಾರ್ಯಕರ್ತೆ. ನನಗೂ ಒಂದು ಕಾಲು ಪೋಲಿಯೋ. ಅಕ್ಕನವರ ಪತ್ರದಲ್ಲಿ ಯುಡಿಐಡಿ (ಅಂಗವಿಕಲರ ಗುರುತಿನ) ಕಾರ್ಡಿನ ಮಾತೇ ಇಲ್ಲದ್ದು ನನಗೆ ಆಶ್ಚರ್ಯ ತಂದಿತು. ಇಬ್ಬರಿಗೂ ಬೇರೆಬೇರೆ ಕಾರ್ಡು ಮಾಡಿಸಿ, ‘ನಿರಾಮಯ’ ಆರೋಗ್ಯ ವಿಮೆಗೆ ಇಬ್ಬರನ್ನೂ ಸೇರಿಸಿರಿ. ಬಿಪಿಎಲ್ ಕುಟುಂಬಕ್ಕೆ ನೋಂದಣಿ ₹250, ನವೀಕರಣ ₹50. ಒಂದು ಮಗುವಿಗೆ ವರ್ಷಕ್ಕೆ ₹1 ಲಕ್ಷದವರೆಗೆ ರಕ್ಷಣೆ. ಹೊರರೋಗಿ ಚಿಕಿತ್ಸೆ, ಫಿಸಿಯೋಥೆರಪಿಯಂಥವು ಕೂಡ ಅದರ ಮಿತಿಗಳೊಳಗೆ ಸೇರುತ್ತವೆ. ಆದರೆ ಮೊದಲು ಕೈಯಿಂದ ಕೊಟ್ಟು, ಅನಂತರ ಬಿಲ್ಲು ಕಳುಹಿಸಿ ಪಡೆಯಬೇಕು. ಹಣ ಬರುವುದು ತಡವಾಗುತ್ತದೆ, ಬಿಲ್ಲಿನಲ್ಲಿ ಮಗುವಿನ ಹೆಸರು ತಪ್ಪಿದ್ದರೆ ಬರುವುದೇ ಇಲ್ಲ. ನಾನು ನೋಡಿದ ಹತ್ತು ಮನೆಗಳಲ್ಲಿ ಏಳೆಂಟು ಮನೆಯವರು ಬಿಲ್ಲನ್ನು ಎಸೆದಿರುತ್ತಾರೆ, ಇಲ್ಲವೇ ಮುಂಗಡ ಕೊಡಲು ಕೈಯಲ್ಲಿ ದುಡ್ಡಿಲ್ಲದೆ ಥೆರಪಿಯನ್ನೇ ಬಿಟ್ಟಿರುತ್ತಾರೆ. ಆದ್ದರಿಂದ ಮುಂದಿನ ತಿಂಗಳುಗಳಲ್ಲಿ ಉಳಿಯುವ ಹಣವನ್ನೆಲ್ಲ ಆರ್‌ಡಿಗೇ ಹಾಕದೆ, ಸ್ವಲ್ಪವನ್ನು ಉಳಿತಾಯ ಖಾತೆಯಲ್ಲಿ ಬಿಟ್ಟುಕೊಳ್ಳಿ. ಮಾಸಾಶನಕ್ಕೂ ಬಸ್ ಪಾಸಿಗೂ ನಿಮ್ಮ ಪಂಚಾಯಿತಿಯ ಕಾರ್ಯಕರ್ತರನ್ನು ಕೇಳಿ; ಪಂಚಾಯಿತಿ ತನ್ನ ಸ್ವಂತ ಸಂಪನ್ಮೂಲದಲ್ಲಿ ಶೇ. 5ನ್ನು ಅಂಗವಿಕಲರಿಗೆ ಖರ್ಚು ಮಾಡಬೇಕೆಂದು ಇದೆ, ಅದನ್ನೂ ಕೇಳಿ. ಕೇಳದಿದ್ದರೆ ಯಾರೂ ಹೇಳುವುದಿಲ್ಲ.
– ಚಿಂತಾಮಣಿ ತಾಲ್ಲೂಕು

ನಾನು ಮಕ್ಕಳ ಫಿಸಿಯೋಥೆರಪಿಸ್ಟ್. ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿಯ 2017ರ ಮಾರ್ಗಸೂಚಿಯ ಪ್ರಕಾರ, ರಕ್ತಕ್ಕೆ ಸಂಬಂಧಿಸಿದ ಕೆಲವು ಕಾಯಿಲೆಗಳಂಥ ಅಂಗೀಕೃತ ಸಂದರ್ಭಗಳನ್ನು ಬಿಟ್ಟರೆ ಸ್ಟೆಮ್ ಸೆಲ್ ಪ್ರಯೋಗ ಸಂಶೋಧನೆಯ ಚೌಕಟ್ಟಿನೊಳಗೆ ಮಾತ್ರ ನಡೆಯಬೇಕು. ಸಂಶೋಧನೆಗೆ ಒಳಗಾಗುವ ರೋಗಿಯಿಂದ ಹಣ ಕೇಳುವಂತಿಲ್ಲ. ನಿಮ್ಮ ಯಜಮಾನರಿಗೆ ಈ ಒಂದೇ ವಿಷಯ ಹೇಳಿ: ಸಂಶೋಧನೆಯಾದರೆ ಹಣವೇಕೆ, ಚಿಕಿತ್ಸೆಯಾದರೆ ಅನುಮತಿ ಎಲ್ಲಿ? ಮಗಳು ಗೋಡೆ ಹಿಡಿದು ನಡೆಯುತ್ತಾಳೆ ಎಂದು ಬರೆದಿದ್ದೀರಿ. ಗೋಡೆಯುದ್ದಕ್ಕೂ ಅವಳ ಸೊಂಟದೆತ್ತರಕ್ಕೆ ಒಂದು ಮರದ ಹಿಡಿಕೆ ಹಾಕಿಸಲು ಬಡಗಿಗೆ ಒಂದು ದಿನದ ಕೂಲಿ ಸಾಕು.
– ಮೈಸೂರು

ರವಿಕೆಗೆ ಎಷ್ಟು ತೆಗೆದುಕೊಳ್ಳುತ್ತೀರಿ ಎಂದು ಬರೆದಿಲ್ಲ. ಮನೆಯಲ್ಲಿ ಹೊಲಿಯುವವರೆಂದು ಎಲ್ಲರೂ ಚೌಕಾಸಿ ಮಾಡುತ್ತಾರೆ. ಲೈನಿಂಗ್ ರವಿಕೆಗೆ ₹50 ಹೆಚ್ಚಿಸಿ, ಯಾರೂ ಬಿಟ್ಟು ಹೋಗುವುದಿಲ್ಲ.
– ಟೈಲರ್, ಕಡೂರು

(ಕೊನೆಯ ಪತ್ರ ತಡವಾಗಿ ಬಂದರೂ ಅದಕ್ಕಾಗಿ ಜಾಗ ಮಾಡಿಕೊಂಡೆವು. –ಸಂ.)

ನಾನೂ ತಿಪಟೂರಿನ ಮಂಡಿಯೊಂದರಲ್ಲಿ 22 ವರ್ಷದಿಂದ ಲೆಕ್ಕ ಬರೆಯುವವನು. ಊರವರ ಕೊಬ್ಬರಿಯ ತೂಕ, ಹಮಾಲಿ, ಮುಂಗಡ ಎಲ್ಲವೂ ಬಾಯಿಗೆ ಬರುತ್ತದೆ. ನನ್ನ ಮನೆಗೆ ತಿಂಗಳಿಗೆ ಎಷ್ಟು ಅಕ್ಕಿ ಬೇಕೆಂದು ಕೇಳಿದರೆ ಹೆಂಡತಿಯ ಮುಖ ನೋಡುತ್ತೇನೆ. ನಿಮ್ಮ ಯಜಮಾನರೂ ಅಂಥವರೇ ಇರಬಹುದು. ತೋಟ ಮಾರುವ ಮಾತಿಗೆ ಎದುರಾಡದೆ, ಒಂದು ಹೊಸ ಖಾತೆ ಪುಸ್ತಕ ತರಿಸಿ, ಮಕ್ಕಳ ಖರ್ಚನ್ನು ದಿನದಿನವೂ ಅವರ ಕೈಯಲ್ಲೇ ಬರೆಸಿ. ನಿಮಗೆ ಬರೆಯಲು ಪುರಸೊತ್ತಿಲ್ಲ ಎನ್ನಿ, ಅದು ಸುಳ್ಳೂ ಅಲ್ಲ. ಆ ತೋಟದ ಕಾಯಿಯಿಂದ ವರ್ಷಕ್ಕೆ ಏನು ಬರುತ್ತದೆಂಬುದನ್ನು ಜಮಾ ಕಡೆಗೆ ಅವರೇ ಬರೆಯಲಿ. ಲೆಕ್ಕ ಬರೆಯುವವನಿಗೆ ಬೇರೆಯವರು ಹೇಳಿದ್ದು ತಲೆಗೆ ಹೋಗುವುದಿಲ್ಲ, ತಾನೇ ಕೂಡಿಸಿದ ಮೊತ್ತ ಹೋಗುತ್ತದೆ. ಮೂರನೆಯ ತಿಂಗಳು ಅವರು ‘ಇಷ್ಟು ಕಡಿಮೆ ಬೀಳುತ್ತಿದೆಯಲ್ಲ, ಇದುವರೆಗೆ ಹೇಗೆ ನಡೆಸಿದೆ?’ ಎಂದು ಕೇಳುತ್ತಾರೆ. ಪಾಸ್‌ಬುಕ್ಕನ್ನು ಆಗ ತನ್ನಿ.
– ತಿಪಟೂರು