ಹೊಸದಾಗಿ ಲಿಪ್‌ಸ್ಟಿಕ್ ಹಚ್ಚುತ್ತಿದ್ದೇನೆ, ನಿಮ್ಮ ಅನುಭವ ಹೇಳಿ

ದಾವಣಗೆರೆ ಹುಡುಗಿ: ಮೇ ತಿಂಗಳಲ್ಲಿ ಅಕ್ಕನ ಮದುವೆ. ಇಲ್ಲಿವರೆಗೆ ಲಿಪ್ ಬಾಮ್ ಬಿಟ್ಟು ಬೇರೇನೂ ಹಚ್ಚಿಲ್ಲ. ತುಟಿ ಬೇಗ ಒಣಗುತ್ತದೆ. ಊಟ ಆಗುವವರೆಗಾದರೂ ಬಣ್ಣ ನಿಲ್ಲಬೇಕು, 500 ರೂಪಾಯಿ ಒಳಗೆ. ಹೇಗೆ ಹಚ್ಚಲಿ?

ಶಿರಸಿಯವಳು: ಲಿಕ್ವಿಡ್ ಮ್ಯಾಟ್ (ಹಚ್ಚಿದ ಮೇಲೆ ಹೊಳಪಿಲ್ಲದೆ ಒಣಗಿ ಕೂರುವ ದ್ರವ ಲಿಪ್‌ಸ್ಟಿಕ್) ಮಾತ್ರ ಬೇಡ ತಂಗಿ. ನನ್ನ ಆರತಕ್ಷತೆಗೆ 850 ಕೊಟ್ಟು ಕಡುಗೆಂಪು ತಗೊಂಡಿದ್ದೆ. ಸಂಜೆ ಆರಕ್ಕೆ ಹಚ್ಚಿದ್ದು. ಎಂಟರ ಹೊತ್ತಿಗೆ ಕೆಳತುಟಿ ನೀರಿಲ್ಲದ ಗದ್ದೆ ಥರ ಬಿರುಕು ಬಿಟ್ಟಿತ್ತು. ರಾತ್ರಿ ಸೋಪು ಹಾಕಿ ಉಜ್ಜಿದೆ, ಸಿಪ್ಪೆ ಎದ್ದು ರಕ್ತ ಬಂತು. ಚರ್ಮದ ಡಾಕ್ಟರಿಗೆ 500, ಮುಲಾಮಿಗೆ 240, ಮತ್ತೊಮ್ಮೆ ತೋರಿಸಲು 300. ಲಿಪ್‌ಸ್ಟಿಕ್‌ಗಿಂತ ಜಾಸ್ತಿ! ಸತ್ಯನಾರಾಯಣ ಪೂಜೆಯ ಒಂದು ಫೋಟೋದಲ್ಲೂ ನಾನು ನಕ್ಕಿಲ್ಲ. ಕೊನೆಗೆ ಕೈ ಹಿಡಿದದ್ದು ಅಮ್ಮನ ಮುರುಗಲ ತುಪ್ಪ, ಅಂದರೆ ಕೋಕಂ ಬೀಜದ ಕೊಬ್ಬು. ಉಂಡೆಯಾಗಿ ಗಟ್ಟಿ ಇರುತ್ತದೆ, ಚಾಕುವಿನಲ್ಲಿ ಕೆರೆದು ಬೆರಳ ಬಿಸಿಗೆ ಕರಗಿಸಿ ಹಚ್ಚಬೇಕು. ಈಗ ದಿನಾ ಮಲಗುವಾಗ ಅದೇ.

ಕಲಬುರಗಿ ಅಕ್ಕ: ನಂದು ಬಿಸಿಲಿನ ಕಥೆ. ಏಪ್ರಿಲ್‌ನಲ್ಲಿ ಬ್ಯಾಗ್ ಕಾರಿನಲ್ಲೇ ಬಿಟ್ಟು ಬ್ಯಾಂಕಿಗೆ ಹೋದೆ. ಒಳಗೆ ಮೂರು ಲಿಪ್‌ಸ್ಟಿಕ್. 399, 450, 625. ಒಟ್ಟು 1,474. ಬಂದು ಮುಚ್ಚಳ ತೆಗೆದರೆ ಬಣ್ಣವೆಲ್ಲ ಮುಚ್ಚಳದೊಳಗೇ. ಫ್ರಿಜ್‌ನಲ್ಲಿಟ್ಟೆ, ಗಟ್ಟಿಯೇನೋ ಆಯಿತು, ಆದರೆ ಮೇಲೆ ಎಣ್ಣೆ ಬೆವರು ಹನಿದ ಹಾಗೆ ನಿಂತಿತ್ತು. ಅದರೊಳಗಿನ ಮೇಣ ಒಂದು ಕಡೆ, ಹರಳೆಣ್ಣೆ ಒಂದು ಕಡೆ ಆದಮೇಲೆ ಅದು ಮೊದಲಿನಂತೆ ಆಗುವುದಿಲ್ಲ. ದುಡ್ಡು ಕೊಟ್ಟಿದ್ದೇನಲ್ಲ ಅಂತ 625ರದ್ದನ್ನು ಹಚ್ಚಿದೆ, ಹಲ್ಲಿಗೆಲ್ಲ ಮೆತ್ತಿಕೊಂಡಿತು.

ಮೈಸೂರು ಬ್ಯೂಟಿಷಿಯನ್: 11 ವರ್ಷದಿಂದ ಮದುಮಗಳ ಮೇಕಪ್ ಮಾಡುತ್ತಿದ್ದೇನೆ. ಶಿರಸಿ ಮೇಡಂ, ತಪ್ಪು ಮ್ಯಾಟ್‌ದಲ್ಲ. ಒಣ ತುಟಿಗೆ ನೇರ ಹಚ್ಚಿದ್ದೀರಿ, ಸೋಪಿನಲ್ಲಿ ಉಜ್ಜಿದ್ದೀರಿ. ಮೊದಲು ಬಾಮ್ ಹಚ್ಚಿ, ಸೀರೆ ನೆರಿಗೆ ಹಿಡಿಯುವಷ್ಟು ಹೊತ್ತು ಬಿಟ್ಟು ಒರೆಸಬೇಕು. ಲೈನರ್ (ತುಟಿಗೆ ಹಚ್ಚುವ ಬಣ್ಣದ ಪೆನ್ಸಿಲ್) ಅಂಚಿಗಷ್ಟೇ ಅಲ್ಲ, ಇಡೀ ತುಟಿಗೆ ತುಂಬಿ. ಆಮೇಲೆ ಮಧ್ಯದಿಂದ ಹೊರಗೆ ಲಿಪ್‌ಸ್ಟಿಕ್‌ನ ಒಂದು ತೆಳು ಕೋಟ್. ಟಿಶ್ಯೂ ಒತ್ತಿ ಇನ್ನೊಂದು. ತೆಗೆಯುವಾಗ ಹತ್ತಿಗೆ ಕೊಬ್ಬರಿ ಎಣ್ಣೆ ಹಾಕಿ ಅರ್ಧ ನಿಮಿಷ ಒತ್ತಿ ಹಿಡಿದರೆ ತಾನಾಗೇ ಬಿಡುತ್ತದೆ. ಎಣ್ಣೆಗೆ ಹೆಚ್ಚಿನ ಲಿಪ್‌ಸ್ಟಿಕ್‌ಗಳು ಕರಗುತ್ತವೆ. ಹೋಳಿಗೆಗೆ ತುಪ್ಪ ಸುರಿದುಕೊಂಡು ತಿಂದರೂ ಅಷ್ಟೇ.

ಶಿರಸಿಯವಳು: ನನಗೆ ಹಚ್ಚಿದ್ದು ನಾನಲ್ಲ, ನಿಮ್ಮಂಥ ಒಬ್ಬ ಬ್ಯೂಟಿಷಿಯನ್. 9,000 ತಗೊಂಡರು. ಬಾಮ್ ಬೇಕು ಅಂತ ನಾನೇ ಕೇಳಿದೆ, ಬೇಡ ಜಾರುತ್ತೆ ಅಂದರು. ಓದದೇ ತಪ್ಪು ಹೊರಿಸಬೇಡಿ.

ಮೈಸೂರು ಬ್ಯೂಟಿಷಿಯನ್: ಬೇರೆಯವರು ಮಾಡಿದ್ದಕ್ಕೆ ನಾನ್ಯಾಕೆ ಉತ್ತರ ಕೊಡಬೇಕು? ಅದನ್ನು ನೀವು ಮೊದಲು ಬರೆದಿರಲೇ ಇಲ್ಲ.

ತುಮಕೂರು ಗೃಹಿಣಿ: ಕೆಂಪು ತಗೊಳ್ಳುವ ಮೊದಲು ಡಬ್ಬಿ ಹಿಂದೆ ಓದಿ. ಕಾರ್ಮೈನ್ ಅಥವಾ 75470 ಅನ್ನುವ ಬಣ್ಣದ ನಂಬರ್ ಇದ್ದರೆ ಅದು ಪಾಪಸುಕಳ್ಳಿ ಮೇಲಿನ ಹುಳುವಿನ ಬಣ್ಣ. ಎರಡು ವರ್ಷ ಗೊತ್ತಿಲ್ಲದೇ ಹಚ್ಚಿಕೊಂಡು ದೇವರ ಮನೆಗೆ ಹೋಗಿದ್ದೇನೆ. ಇವತ್ತಿಗೂ ಸಂಕಟ ಆಗುತ್ತದೆ.

ಮೈಸೂರು ಬ್ಯೂಟಿಷಿಯನ್: ದೇವರ ಮನೆಗೆ ರೇಷ್ಮೆ ಉಟ್ಟು ಹೋಗ್ತೀರಲ್ವಾ? ರಾಮನಗರದಲ್ಲಿ ಗೂಡು ಬೇಯಿಸುವುದನ್ನು ಒಮ್ಮೆ ನೋಡಿ ಬನ್ನಿ.

ತುಮಕೂರು ಗೃಹಿಣಿ: ಉಡುವುದು ಬೇರೆ, ಬಾಯಿಗೆ ಹೋಗುವುದು ಬೇರೆ. ಮಡಿಗೆ ರೇಷ್ಮೆ ಉಡುವುದು ನಮ್ಮ ಅಜ್ಜಿ ಕಾಲದಿಂದ ಇದೆ. ನನ್ನ ನಂಬಿಕೆ ಬಗ್ಗೆ ನಿಮ್ಮನ್ನು ಯಾರೂ ಕೇಳಲಿಲ್ಲ.

ಶಿರಸಿಯವಳು: ಅವರಿಗೆ ಎಲ್ಲರದ್ದೂ ತಪ್ಪೇ ಕಾಣುತ್ತದೆ ಬಿಡಿ.

ಕಲಬುರಗಿ ಅಕ್ಕ: ದಾವಣಗೆರೆ ತಂಗಿ, ಅಂಗಡಿಯ ಟೆಸ್ಟರ್ ತುಟಿಗೆ ಮುಟ್ಟಿಸಬೇಡ, ಎಷ್ಟು ಜನ ಹಚ್ಚಿರುತ್ತಾರೋ. ಬೆರಳ ತುದಿಗೆ ಹಚ್ಚಿ ನೋಡು. ಮುಂಗೈಗಿಂತ ಅದರ ಬಣ್ಣವೇ ತುಟಿಗೆ ಹತ್ತಿರ. ಮೇ ತಿಂಗಳ ಮದುವೆ ಅಂತೀಯ, ಛತ್ರಕ್ಕೆ ಹೋದ ಕೂಡಲೇ ಕಾರಿನಿಂದ ಮೊದಲು ಲಿಪ್‌ಸ್ಟಿಕ್ ಇಳಿಸು.