ಸಹಾಯ ಬೇಕು: ವಿಕಾಸವಾದದ ಮೊಕದ್ದಮೆಯ ನಾಟಕಕ್ಕೆ ಮಾರ್ಗದರ್ಶಕರು

ಗುಂಪಿನ ಹಿರಿಯರಿಗೂ ರಂಗಾಸಕ್ತರಿಗೂ ನಮಸ್ಕಾರ. ಶಿವಮೊಗ್ಗದ ಕ್ರೈಸ್ತ ಕಾಲೇಜೊಂದರ ನಾಟಕ ತಂಡದ ಹೊಣೆ ನನ್ನದು. ಶಾಲೆಯಲ್ಲಿ ವಿಕಾಸವಾದ ಕಲಿಸಿದರೆಂದು 1925ರಲ್ಲಿ ಅಮೆರಿಕದ ಡೇಟನ್ ಊರಿನಲ್ಲಿ ಜಾನ್ ಸ್ಕೋಪ್ಸ್ ಎಂಬ ಶಿಕ್ಷಕರ ಮೇಲೆ ನಡೆದ ಮೊಕದ್ದಮೆಯನ್ನು ಆಧರಿಸಿದ ‘ಇನ್‌ಹೆರಿಟ್ ದ ವಿಂಡ್’ ನಾಟಕವನ್ನು ವಿದ್ಯಾರ್ಥಿಗಳು ಕನ್ನಡದಲ್ಲಿ ಆಡಲು ಹೊರಟಿದ್ದಾರೆ. ಇದು ಬೈಬಲ್ಲಿಗೆ ಅವಮಾನವೆಂದು ಕೆಲವು ಪೋಷಕರೂ ಸಭೆಯ ಹಿರಿಯರೂ ನೊಂದುಕೊಂಡಿದ್ದಾರೆ. ಪ್ರದರ್ಶನದ ನಂತರ ಸಂವಾದ ಇರಲೇಬೇಕೆಂಬ ಷರತ್ತಿನ ಮೇಲೆ ಪ್ರಾಂಶುಪಾಲರು ಒಪ್ಪಿದ್ದಾರೆ.

ಹಿರಿಯರ ನೋವು ಸುಮ್ಮನೆ ಬಂದದ್ದಲ್ಲ, ನಾಟಕ ನಿಜ ಘಟನೆಯನ್ನು ಬದಲಿಸಿಕೊಂಡಿದೆ. ನಾಟಕದ ಶಿಕ್ಷಕ ಸೆರೆಯಲ್ಲಿರುತ್ತಾನೆ, ಸ್ಕೋಪ್ಸ್ ಜೈಲು ಸೇರಲೇ ಇಲ್ಲ. ಅವರಿಗೆ ಬಿದ್ದ 100 ಡಾಲರ್ ದಂಡವೂ 1927ರಲ್ಲಿ ತಾಂತ್ರಿಕ ಕಾರಣಕ್ಕೆ ರದ್ದಾಯಿತು. ಸ್ಕೋಪ್ಸ್ ವಿರುದ್ಧ ವಾದಿಸಿ ಧರ್ಮಗ್ರಂಥದ ಪರ ನಿಂತ ವಕೀಲ ವಿಲಿಯಂ ಜೆನ್ನಿಂಗ್ಸ್ ಬ್ರಯನ್ ಅವರಿಗೆ, ಬಲಿಷ್ಠರಷ್ಟೇ ಉಳಿಯುವರೆಂಬ ತತ್ತ್ವ ದುರ್ಬಲರನ್ನು ತುಳಿದೀತೆಂಬ ನಿಜವಾದ ಕಳವಳವಿತ್ತು. ನಮ್ಮ ತಾಲೀಮಿನಲ್ಲಿ ಮಾತ್ರ ಆ ಪಾತ್ರದ ಹುಡುಗ ಹೊಟ್ಟೆ ಮುಂದೆ ಚಾಚಿ, ಕೈಬೀಸಣಿಗೆ ಬೀಸುತ್ತಾ ಬಂದೊಡನೆ ಉಳಿದವರೆಲ್ಲ ನಗುತ್ತಾರೆ. ಒಂದು ಪಕ್ಷವನ್ನು ಕೋಡಂಗಿ ಮಾಡಿದರೆ ವಿಜ್ಞಾನದ ವಾದವೂ ಸೊರಗುತ್ತದೆ ಎಂಬುದು ನನ್ನ ದೃಢ ಅಭಿಪ್ರಾಯ.

ಆದ್ದರಿಂದ ಹೆಗ್ಗೋಡಿನ ನೀನಾಸಂನಲ್ಲೋ ಬೇರೆಡೆಯೋ ತರಬೇತಾದವರು, ಸಾಗರ, ತೀರ್ಥಹಳ್ಳಿ ಕಡೆಯವರಾದರೂ ಸರಿ, ಶನಿವಾರ ಸಂಜೆ ಬಂದು ಆ ಪಾತ್ರವನ್ನು ಘನತೆಯಿಂದ ತಿದ್ದಿಕೊಡಬಲ್ಲಿರಾ? ಸಂವಾದಕ್ಕೆ ಜೀವಶಾಸ್ತ್ರವನ್ನೂ ದೇವಶಾಸ್ತ್ರವನ್ನೂ ಬಲ್ಲವರೊಬ್ಬರು ಬೇಕು. ಪ್ರಯಾಣ, ಊಟ, ವಸತಿಯ ವೆಚ್ಚ ಕಾಲೇಜಿನದು. ಒಪ್ಪುವವರು ಇಲ್ಲಿಯೇ ತಿಳಿಸಿದರೆ ಅನುವಾದಿತ ಹಸ್ತಪ್ರತಿಯನ್ನು ಕಳುಹಿಸಿಕೊಡುತ್ತೇನೆ.